ಪಂಡಿತರು ದಾಸರಾದದ್ದು

ವೈಜ್ಞಾನಿಕ ಕಾದಂಬರಿಗಳಲ್ಲಿ ವೆಲ್ಸ್‌ನನ್ನು ಮೆಚ್ಚುವವರ ರಾಜಕೀಯ ಒಂದು, ಹೈನ್‌ಲೈನ್‌ನನ್ನು ಮೆಚ್ಚುವವರದು ಇನ್ನೊಂದು ಎಂಬ ಮಾತಿದೆ. ಅಭಿರುಚಿಯಲ್ಲಿ ಲೋಕದೃಷ್ಟಿ ಅಡಗಿರುವುದಕ್ಕೆ ರಾಯಚೂರು ಸೀಮೆಯಲ್ಲೇ ಹಳೆಯ ನಿದರ್ಶನವಿದೆ.

ಮಾನ್ವಿ ಬಳಿಯ ಬ್ಯಾಗವಾಟದಲ್ಲಿ 1728ರಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ಸಂಸ್ಕೃತದಲ್ಲಿ ಘನಪಂಡಿತರು. ಕನ್ನಡದ ದೇವರನಾಮಗಳೆಂದರೆ ಅವರಿಗೆ ತಾತ್ಸಾರ. ವಿಜಯದಾಸರ ಆಹ್ವಾನವನ್ನೂ ತಿರಸ್ಕರಿಸಿದರಂತೆ. ಶಾಸ್ತ್ರ ಯಾರ ಸೊತ್ತು ಎಂಬ ಪ್ರಶ್ನೆಗೆ ಆ ತಾತ್ಸಾರವೇ ಅವರ ಉತ್ತರವಾಗಿತ್ತು. ಮುಂದೆ ಉದರವ್ಯಾಧಿಯಿಂದ ಬಳಲಿ, ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರ ಮೊರೆಹೊಕ್ಕರೆಂದು ದಾಸಪರಂಪರೆ ಹೇಳುತ್ತದೆ. ಗುಣವಾದದ್ದು ಪವಾಡವೋ ಏನೋ, ಮನಸ್ಸು ಬದಲಾದದ್ದಂತೂ ನಿಜ. ಜಗನ್ನಾಥದಾಸರಾಗಿ ಅವರು ಮಾಧ್ವಸಿದ್ಧಾಂತವನ್ನು ಭಾಮಿನಿ ಷಟ್ಪದಿಯ ಹರಿಕಥಾಮೃತಸಾರದಲ್ಲಿ ಕನ್ನಡಕ್ಕಿಳಿಸಿದರು. ಸಂಸ್ಕೃತ ಬಾರದ ಹೆಂಗಸರೂ ಅದನ್ನು ಪಾರಾಯಣ ಮಾಡಿದರು. ದಾಸರು 1809ರಲ್ಲಿ ತೀರಿಕೊಂಡರು. ಆ ಕನ್ನಡ ಕೃತಿಗೆ ಮುಂದೆ ಸಂಸ್ಕೃತದಲ್ಲಿ ವ್ಯಾಖ್ಯಾನ ಹುಟ್ಟಿತು.