ಕೇರಿಯ ಮಕ್ಕಳಿಗೆ ಅಕ್ಷರ, ಕೇರಿಗೆ ನೆಲ: ಕುದ್ಮುಲ್ ರಂಗರಾಯರ ಚರಿತ್ರೆ

ದೇವರ ಉತ್ಸವದ ಸ್ಮರಣ ಸಂಚಿಕೆಯಲ್ಲಿ ಕ್ಷೇತ್ರ ಮಹಿಮೆ, ಸೇವಾಕರ್ತರ ಪಟ್ಟಿಗಳ ಜೊತೆಗೆ ಪುಣ್ಯಪುರುಷರೊಬ್ಬರ ಜೀವನ ಚರಿತ್ರೆಯೂ ಇದ್ದರೆ ಸಂಚಿಕೆಗೆ ಒಂದು ಶೋಭೆ. ಈ ಬಾರಿ ಭಕ್ತ ಮಹಾಶಯರ ಮುಂದಿಡುತ್ತಿರುವುದು ದಿವಂಗತ ಕುದ್ಮುಲ್ ರಂಗರಾಯರ ಚರಿತ್ರೆ. ಮಂಗಳೂರು ಪೇಟೆಯಲ್ಲಿ ವಕೀಲಿ ಮಾಡಿಕೊಂಡಿದ್ದ ಗೃಹಸ್ಥರು ಅವರು. ಕಡಲ ದಡದ ಆ ವಕೀಲರಿಗೂ ಬೆಟ್ಟದ ಮೇಲಿನ ಜೀರಹಳ್ಳಿಗೂ ಎಲ್ಲಿಯ ಸಂಬಂಧ ಎಂದು ಕೆಲವರಿಗೆ ಅನಿಸಬಹುದು. ಸಂಬಂಧವಿದೆ. ಅದನ್ನು ಮುಂದೆ ನಿವೇದಿಸುತ್ತೇನೆ.

ರಂಗರಾಯರು ಹುಟ್ಟಿದ್ದು 1859ನೇ ಇಸವಿ ಜೂನ್ 29ರಂದು, ಕಾಸರಗೋಡಿನಲ್ಲಿ. ಸಾರಸ್ವತ ಬ್ರಾಹ್ಮಣ ಮನೆತನ. ಅಂದು ಕಾಸರಗೋಡು, ಮಂಗಳೂರು, ಉಡುಪಿ ಎಲ್ಲವೂ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಆ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ನಮ್ಮ ತಾಳವಾಡಿ ಸೀಮೆಯನ್ನು ಒಳಗೊಂಡಿದ್ದ ಕೊಯಮತ್ತೂರು ಜಿಲ್ಲೆಯೂ ಅದೇ ಪ್ರಾಂತದ್ದು. 1956ರಲ್ಲಿ ಭಾಷೆಯ ಮೇಲೆ ರಾಜ್ಯಗಳು ವಿಂಗಡವಾದಾಗ ಮಂಗಳೂರು ಮೈಸೂರು ರಾಜ್ಯಕ್ಕೂ ಕಾಸರಗೋಡು ಕೇರಳಕ್ಕೂ ಹೋದವು. ಕೊಳ್ಳೇಗಾಲ ಮೈಸೂರಿಗೆ ಸೇರಿತು, ನಾವು ಮದರಾಸಿನಲ್ಲೇ ಉಳಿದೆವು. ಗಡಿಯ ಆಚೆ ಉಳಿದ ಕನ್ನಡಿಗರಾದ ನಮಗೆ ಕಾಸರಗೋಡಿನ ಹೆಸರು ಕೇಳಿದೊಡನೆ ಮನಸ್ಸು ಒಂದಿಷ್ಟು ಹತ್ತಿರವಾಗುವುದು ಸಹಜವೇ.

ಹದಿನಾರನೇ ವಯಸ್ಸಿಗೆ ತಂದೆ ತೀರಿಕೊಂಡರು. ಸಂಸಾರದ ಭಾರ ಹೆಗಲಿಗೆ ಬಿತ್ತು. ಕೆಲಸ ಹುಡುಕಿಕೊಂಡು ಮಂಗಳೂರಿಗೆ ಬಂದ ಹುಡುಗ ಅಲ್ಪ ಸಂಬಳದ ಉಪಾಧ್ಯಾಯನಾದ. ಪಾಠ ಹೇಳುತ್ತಲೇ ತಾನೂ ಓದಿ ಮೆಟ್ರಿಕ್ಯುಲೇಷನ್ ಮುಗಿಸಿ, ವಕೀಲಿ ಪರೀಕ್ಷೆಯಲ್ಲೂ ತೇರ್ಗಡೆಯಾದ. ಬಡವರ ಪರವಾಗಿ ನಿಲ್ಲುವ ವಕೀಲರೆಂದು ಪೇಟೆಯಲ್ಲಿ ಹೆಸರು ಬಂತು. ಇಷ್ಟಕ್ಕೇ ನಿಂತಿದ್ದರೆ ಅವರೊಬ್ಬ ಸಜ್ಜನ ವಕೀಲರಾಗಿ ಬಾಳಿ ಮುಗಿಸುತ್ತಿದ್ದರು. ಅವರ ಹೆಸರನ್ನು ಈಗ ಯಾರೂ ಎತ್ತುತ್ತಿರಲಿಲ್ಲ.

ಆ ಕಾಲದ ಮಂಗಳೂರು ಬೆಳೆಯುತ್ತಿದ್ದ ಪಟ್ಟಣ. ಬಂದರಿನ ವ್ಯಾಪಾರವಿತ್ತು, ಬಾಸೆಲ್ ಮಿಷನ್ನಿನವರು 1865ರಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯಿತ್ತು, ಪುರಸಭೆಯಿತ್ತು, ಕೋರ್ಟು ಕಚೇರಿಗಳಿದ್ದವು. ಈ ಪಟ್ಟಣದ ಬೀದಿ ಗುಡಿಸುವವರು, ಕಕ್ಕಸು ತೊಳೆದು ತಲೆಯ ಮೇಲೆ ಹೊರುತ್ತಿದ್ದ ತೋಟಿಗಳು ಮಾತ್ರ ಪಟ್ಟಣದ ಅಂಚಿನ ಗುಡ್ಡಗಳ ಮೇಲೆ ಹುಲ್ಲಿನ ಗುಡಿಸಲುಗಳಲ್ಲಿದ್ದರು. ಅವರನ್ನು ಆಗ ಪಂಚಮರೆಂದು ಕರೆಯುತ್ತಿದ್ದರು. ಊರು ಶುದ್ಧವಾಗಿರುವುದು ಅವರಿಂದ. ಊರಿನ ಬಾವಿ, ಶಾಲೆ, ದೇವಸ್ಥಾನಗಳಿಗೆ ಅವರಿಗೆ ಪ್ರವೇಶವಿಲ್ಲ. ಬೆಟ್ಟದ ಮೇಲಿನ ನಮ್ಮ ಹಳ್ಳಿಗಳಲ್ಲಿ ಹಿಂದೆ ಹೇಗಿತ್ತೆಂದು ಹಿರಿಯರನ್ನು ಕೇಳಿದರೆ ಇದು ಹೊಸ ಸಂಗತಿಯೇನಲ್ಲ. ತಮಟೆಯ ಸದ್ದಿಲ್ಲದೆ ನಮ್ಮ ಹಬ್ಬ ಏಳುವುದಿಲ್ಲ. ಆದರೆ ತಮಟೆ ಹೊಡೆದವನು ನಿಲ್ಲುತ್ತಿದ್ದ ಜಾಗ ಯಾವುದೆಂಬುದೂ ನಮಗೆ ಮರೆತಿಲ್ಲ.

ರಂಗರಾಯರ ಮನಸ್ಸನ್ನು ತಿರುಗಿಸಿದ ಘಟನೆಯೆಂದು ಮಂಗಳೂರಿನ ಕಡೆ ಹೇಳುವುದು ಬೆಂದೂರು ಬಾಬು ಎಂಬ ದಲಿತ ಯುವಕನ ಪ್ರಸಂಗ. ಹೇಗೋ ನಾಲ್ಕಕ್ಷರ ಕಲಿತಿದ್ದ ಬಾಬುವಿಗೆ ಕೋರ್ಟಿನಲ್ಲಿ ಜವಾನನ ಕೆಲಸ ದೊರಕಿತಂತೆ. ಮೇಲ್ಜಾತಿಯವರು ಕೂಡುವ ಸ್ಥಳದಲ್ಲಿ ಇವನು ಓಡಾಡುವುದು ಹೇಗೆಂದು ದೊಡ್ಡ ಗುಲ್ಲೆದ್ದು, ಪಾಪ, ಅವನು ಆ ಕೆಲಸ ಬಿಟ್ಟು ಹೋಗಬೇಕಾಯಿತಂತೆ. ನ್ಯಾಯ ಕೊಡುವ ಕಟ್ಟಡದೊಳಗೆ ನಡೆದ ಈ ಅನ್ಯಾಯವು ಅಲ್ಲಿಯೇ ಹೊಟ್ಟೆ ಹೊರೆಯುತ್ತಿದ್ದ ವಕೀಲರನ್ನು ಚುಚ್ಚಿತು. ಒಬ್ಬನಿಗೆ ಕೆಲಸ ಸಿಕ್ಕರೆ ಅವನನ್ನು ಓಡಿಸುವುದು ಸುಲಭ, ನೂರು ಮಂದಿ ಕಲಿತು ಬಂದರೆ ಓಡಿಸುವುದು ಅಷ್ಟು ಸುಲಭವಲ್ಲ ಎಂಬುದು ಅವರಿಗೆ ಮನವರಿಕೆಯಾಗಿರಬೇಕು. ಅವರು ಮುಂದೆ ಮಾಡಿದ ಕೆಲಸವನ್ನು ನೋಡಿದರೆ ಹಾಗೆ ತೋರುತ್ತದೆ.

ಇದಕ್ಕೆ ನೆಲ ಹದವಾಗಿತ್ತು ಎಂಬುದನ್ನೂ ಹೇಳಬೇಕು. 1870ರಲ್ಲೇ ಮಂಗಳೂರಿನಲ್ಲಿ ಬ್ರಾಹ್ಮ ಸಮಾಜ ಸ್ಥಾಪನೆಯಾಗಿತ್ತು. ಬಿಲ್ಲವ ಮುಖಂಡ ಅರಸಪ್ಪನವರೂ ಉಲ್ಲಾಳ ರಘುನಾಥಯ್ಯನವರೂ ಅದಕ್ಕೆ ಕಾರಣರು. ರಂಗರಾಯರು ಆ ಸಮಾಜವನ್ನು ಸೇರಿದರು. ಬ್ರಾಹ್ಮ ಸಮಾಜದವರು ವಿಗ್ರಹಾರಾಧಕರಲ್ಲ, ನಾವು ವಿಗ್ರಹಾರಾಧಕರು. ಆದರೂ ದೇವರ ಎದುರು ಮೇಲು ಕೀಳಿಲ್ಲ ಎಂಬ ಮಾತು ನಮ್ಮ ಶರಣರದೂ ಹೌದಾದ್ದರಿಂದ ರಂಗರಾಯರನ್ನು ಪರರೆಂದು ತಿಳಿಯಬೇಕಾಗಿಲ್ಲ.

1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಅವರು ಒಂದು ಶಾಲೆ ತೆರೆದರು. ಕಾಲವನ್ನು ಗಮನಿಸಬೇಕು. ಡಾ. ಅಂಬೇಡ್ಕರ್ ಅವರು ಹುಟ್ಟಿ ಆಗ ಒಂದೇ ವರ್ಷ. ಗಾಂಧೀಜಿ ದಕ್ಷಿಣ ಆಫ್ರಿಕಕ್ಕೆ ಹಡಗು ಹತ್ತಿದ್ದು ಅದರ ಮರುವರ್ಷ. ಅಸ್ಪೃಶ್ಯತೆಯನ್ನು ತೊಡೆಯಬೇಕೆಂದು ದೇಶದ ದೊಡ್ಡ ಸಭೆಗಳಲ್ಲಿ ಮಾತೂ ಹುಟ್ಟದಿದ್ದ ದಿನಗಳವು.

ಶಾಲೆ ತೆರೆದದ್ದೇನೋ ಆಯಿತು, ನಡೆಸುವುದು ಕಠಿಣವಾಯಿತು. ಜಾಗ ಕೊಡುವವರಿಲ್ಲ, ಪಾಠ ಹೇಳಲು ಸಿದ್ಧರಿರುವ ಉಪಾಧ್ಯಾಯರಿಲ್ಲ. ಹಾಗೂ ಬಂದವರಿಗೆ ಊರವರ ಕಿರುಕುಳ. ಮೇಲ್ಜಾತಿಯ ಉಪಾಧ್ಯಾಯರು ಹಿಂಜರಿದಾಗ ಕ್ರೈಸ್ತ ಉಪಾಧ್ಯಾಯರನ್ನು ಕರೆತಂದರು. ಮಕ್ಕಳನ್ನು ಕಳಿಸಲು ತಂದೆತಾಯಿಗಳೇ ಹಿಂದೆಮುಂದೆ ನೋಡುತ್ತಿದ್ದರು. ಅದು ಅವರ ತಪ್ಪಲ್ಲ. ದನ ಕಾದು, ಸೊಪ್ಪು ತಂದು ನಾಲ್ಕು ಕಾಸು ಗಳಿಸುವ ಮಗು ಶಾಲೆಯಲ್ಲಿ ಕುಳಿತರೆ ಸಂಜೆಯ ಗಂಜಿಗೆ ಕೊರತೆ. ಇದನ್ನರಿತ ರಂಗರಾಯರು ಶಾಲೆಗೆ ಬಂದ ಮಗುವಿಗೆ ದಿನಕ್ಕಿಷ್ಟೆಂದು ಕಾಸು ಕೊಡುವ, ಮಧ್ಯಾಹ್ನ ಊಟ ಹಾಕುವ ಏರ್ಪಾಡು ಮಾಡಿದರು. ಬಿಸಿಯೂಟದ ಯೋಜನೆಯನ್ನು ಇಂದು ಸರಕಾರಗಳು ನಡೆಸುತ್ತಿವೆ. ತಮಿಳುನಾಡಿನಲ್ಲಿ ಅದು ಕಾಮರಾಜರ ಹೆಸರಿನೊಂದಿಗೆ ಸೇರಿಕೊಂಡಿದೆ, ಅದು ನ್ಯಾಯವೇ. ಅದಕ್ಕೂ ಎಷ್ಟೋ ಮೊದಲು ಒಬ್ಬ ವಕೀಲರು ತಮ್ಮ ಪುಟ್ಟ ಶಾಲೆಯಲ್ಲಿ ಇದನ್ನೇ ಮಾಡಿದ್ದರು.

ಸ್ವಜನರು ಸುಮ್ಮನಿರಲಿಲ್ಲ. ಜಾತಿಯಿಂದ ಬಹಿಷ್ಕಾರ ಬಂತು. ಇಂದಿನ ಕಿರಿಯರಿಗೆ ಬಹಿಷ್ಕಾರವೆಂದರೆ ಏನೆಂದು ಪೂರ್ತಿ ತಿಳಿಯಲಾರದು. ಮದುವೆ ಮುಂಜಿಗಳಿಗೆ ಕರೆಯಿಲ್ಲ, ಹೆಣ್ಣು ಗಂಡು ಕೊಡುವುದು ತರುವುದಿಲ್ಲ, ಮನೆಯಲ್ಲಿ ಸಾವಾದರೆ ಹೆಗಲು ಕೊಡುವವರಿಲ್ಲ. ಸಂಸಾರವಂದಿಗನಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯಿರಲಿಲ್ಲ. ರಂಗರಾಯರು ಅದನ್ನು ಹೊತ್ತುಕೊಂಡೇ ನಡೆದರು. ಅವರ ಹೆಂಡತಿ ಮಕ್ಕಳೂ ಹೊತ್ತರು ಎಂಬುದನ್ನು ಚರಿತ್ರೆ ಬರೆಯುವವರು ಹೆಚ್ಚಾಗಿ ಮರೆಯುತ್ತಾರೆ.

1897ರಲ್ಲಿ ಈ ಕೆಲಸಕ್ಕೆ ಒಂದು ಸಂಸ್ಥೆಯ ರೂಪ ಬಂತು. ಅದೇ ಡಿಪ್ರೆಸ್ಡ್ ಕ್ಲಾಸಸ್ ಮಿಷನ್. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ಮುಂಬಯಿಯಲ್ಲಿ ಇದೇ ಹೆಸರಿನ ಸಂಸ್ಥೆ ಕಟ್ಟಿದ್ದು 1906ರಲ್ಲಿ. ಮಂಗಳೂರಿನದು ಅದಕ್ಕಿಂತ ಒಂಬತ್ತು ವರ್ಷ ಹಿರಿಯದು. ಕೋಡಿಯಾಲಬೈಲಿನ ಶೇಡಿಗುಡ್ಡೆ ಇದರ ನೆಲೆಯಾಯಿತು. ಪಟ್ಟಣದ ಬೇರೆ ಬೇರೆ ಕಡೆಗಳಲ್ಲೂ ಹೊರಗಿನ ಊರುಗಳಲ್ಲೂ ಶಾಲೆಗಳು ತೆರೆದವು. ಹೊರಗಿನಿಂದ ಬರುವ ಮಕ್ಕಳಿಗೆ ವಿದ್ಯಾರ್ಥಿನಿಲಯವಾಯಿತು. ಅಕ್ಷರ ಕಲಿತೊಡನೆ ಹೊಟ್ಟೆ ತುಂಬುವುದಿಲ್ಲವಾದ್ದರಿಂದ ನೇಯ್ಗೆ, ಮರಗೆಲಸಗಳನ್ನೂ ಕಲಿಸಿದರು. ತೋಟಿಯ ಮಗ ತೋಟಿಯೇ ಆಗುವ ಸರಪಳಿಯನ್ನು ಕಡಿಯಲು ಮಗ್ಗವೂ ಉಳಿಯೂ ಬೇಕು ಎಂಬುದು ಅವರ ಲೆಕ್ಕಾಚಾರ.

ಆಮೇಲೆ ನೆಲದ ಪ್ರಶ್ನೆ. ಕೇರಿಯವರ ಗುಡಿಸಲು ನಿಂತಿರುವುದು ಪರರ ಜಾಗದಲ್ಲಿ. ಒಡೆಯನಿಗೆ ಸಿಟ್ಟು ಬಂದರೆ ಗುಡಿಸಲು ಕೀಳಬೇಕು. ಮಗ ಶಾಲೆಗೆ ಹೋದನೆಂಬುದೂ ಸಿಟ್ಟಿಗೆ ಕಾರಣವಾಗಬಹುದು. ರಂಗರಾಯರು ಸರಕಾರದಿಂದ ಜಾಗ ಪಡೆದು ಆ ಕುಟುಂಬಗಳಿಗೆ ಮನೆ ನಿವೇಶನವಾಗಿ ಹಂಚುವ ಕೆಲಸಕ್ಕೆ ಇಳಿದರು. ಮದರಾಸು ಪ್ರಾಂತದಲ್ಲಿ ಚೆಂಗಲ್ಪಟ್ಟಿನ ಕಲೆಕ್ಟರ್ ಟ್ರೆಮೆನ್‌ಹೀರ್ ಎಂಬ ಆಂಗ್ಲ ಅಧಿಕಾರಿಯ ವರದಿಯ ಮೇಲೆ 1892ರಲ್ಲಿ, ಅಂದರೆ ಚಿಲಿಂಬಿಯ ಶಾಲೆ ತೆರೆದ ವರ್ಷವೇ, ದಲಿತರಿಗೆ ಸರಕಾರಿ ಭೂಮಿ ಕೊಡುವ ಆಜ್ಞೆಯಾಗಿತ್ತು. ಆ ಭೂಮಿಯನ್ನು ಬೇರೆಯವರಿಗೆ ಪರಭಾರೆ ಮಾಡಬಾರದೆಂಬ ಷರತ್ತೂ ಇತ್ತು. ಅದನ್ನೇ ನಮ್ಮ ಕಡೆ ಪಂಚಮಿ ಭೂಮಿ ಎಂದೂ ಮಂಗಳೂರಿನ ಕಡೆ ಡಿ.ಸಿ. ಮನ್ನಾ ಭೂಮಿ ಎಂದೂ ಕರೆಯುತ್ತಾರೆ. ಆಜ್ಞೆ ಹೊರಡುವುದು ಬೇರೆ, ಪಟ್ಟೆ ಬಡವನ ಕೈಗೆ ಬರುವುದು ಬೇರೆ. ಕಂದಾಯ ಕಚೇರಿಯ ಮೆಟ್ಟಿಲು ಹತ್ತಿದವರಿಗೆಲ್ಲ ಇದು ಗೊತ್ತಿದೆ. ಅಕ್ಷರ ಬಾರದವರ ಪರವಾಗಿ ಅರ್ಜಿ ಬರೆದು, ಬೆನ್ನು ಹತ್ತಿ ಕೆಲಸ ಮಾಡಿಸಲು ಕಾನೂನು ಬಲ್ಲವರೊಬ್ಬರು ಬೇಕಾಗಿತ್ತು. ಈ ಜಾಗದಲ್ಲಿ ರಂಗರಾಯರ ವಕೀಲಿ ವಿದ್ಯೆ ಸಾರ್ಥಕವಾಯಿತು.

ಅವರ ಕೆಲಸಗಳಲ್ಲೆಲ್ಲ ಮಿಗಿಲಾದದ್ದು ಯಾವುದೆಂದು ನನ್ನನ್ನು ಕೇಳಿದರೆ ನಾನು ಇನ್ನೊಂದನ್ನು ಹೇಳುತ್ತೇನೆ. ಬೀದಿಗೆ ದೀಪ, ಕೊಳಾಯಿ, ಚರಂಡಿ ಎಲ್ಲಿಗೆ ಮೊದಲು ಎಂಬುದನ್ನು ತೀರ್ಮಾನಿಸುವುದು ಪುರಸಭೆ. ಆಗ ಎಲ್ಲರಿಗೂ ಮತವಿರಲಿಲ್ಲ; ತೆರಿಗೆ ಕಟ್ಟುವವನಿಗೆ ಮತ. ಗುಡಿಸಲಿನವನಿಗೆ ತೆರಿಗೆಯೂ ಇಲ್ಲ, ಮತವೂ ಇಲ್ಲ, ಆದ್ದರಿಂದ ಸಭೆಯಲ್ಲಿ ಅವನ ಕೇರಿಯ ಸುದ್ದಿಯೂ ಇಲ್ಲ. ಪಟ್ಟಣ ಶುಚಿಯಾಗಿಡುವವನಿಗೆ ಪಟ್ಟಣದ ಸಭೆಯಲ್ಲಿ ಸ್ಥಾನ ಬೇಕೆಂದು ರಂಗರಾಯರು ಹಟ ಹಿಡಿದರು. ಅವರ ಪ್ರಯತ್ನದಿಂದ ಅಂಗರ ಮಾಸ್ತರ್, ಗೋವಿಂದ ಮಾಸ್ತರ್ ಎಂಬ ಇಬ್ಬರು ದಲಿತರು ಮಂಗಳೂರು ಪುರಸಭೆ ಮತ್ತು ಜಿಲ್ಲಾ ಬೋರ್ಡುಗಳಲ್ಲಿ ಸದಸ್ಯರಾಗಿ ಕುಳಿತರು. ಇಬ್ಬರ ಹೆಸರಿನಲ್ಲೂ ಮಾಸ್ತರ್ ಎಂಬುದಿದೆ, ಗಮನಿಸಿ. ಒಂದು ಕಾಲಕ್ಕೆ ಶಾಲೆಯ ಜಗಲಿಗೂ ಬಿಡದಿದ್ದ ಕೇರಿಯಿಂದ ಮಾಸ್ತರು ಹುಟ್ಟಿ, ಆ ಮಾಸ್ತರು ಪಟ್ಟಣದ ಸಭೆಗೆ ನಡೆದುಹೋದರು. ಕೋರ್ಟಿನ ಜವಾನನಾಗಿಯೂ ಇರಗೊಡದೆ ಬಾಬುವನ್ನು ಓಡಿಸಿದ ಅದೇ ಊರಿನಲ್ಲಿ!

ಬ್ರಿಟಿಷ್ ಸರಕಾರ ರಂಗರಾಯರಿಗೆ ರಾವ್ ಸಾಹೇಬ್ ಬಿರುದು ಕೊಟ್ಟಿತು. ಮುಂದೆ ಮಿಷನ್ನಿನ ಆಡಳಿತ, ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯ ಕೈಸೇರಿತು.

ಇನ್ನು ನಮ್ಮ ಸಂಬಂಧದ ಮಾತು. ರಂಗರಾಯರ ಮಗಳು ರಾಧಾಬಾಯಿಯವರು 1891ರಲ್ಲಿ ಜನಿಸಿದವರು. ತಂದೆ ಆಕೆಯನ್ನು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಓದಲು ಕಳಿಸಿದರು. ಮುಂದೆ ಆಕೆ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲೂ ಓದಿದರು. 1912ರಲ್ಲಿ ಆಕೆ ಕೈಹಿಡಿದದ್ದು ಡಾ. ಪಿ. ಸುಬ್ಬರಾಯನ್ ಅವರನ್ನು. ಸುಬ್ಬರಾಯನ್ ತಿರುಚೆಂಗೋಡಿನ ಬಳಿಯ ಕುಮಾರಮಂಗಲದ ಜಮೀನ್ದಾರರು, ಕೊಂಗು ನಾಡಿನ ಗೌಂಡರು. ದಿಂಬಂ ಘಾಟಿ ಇಳಿದು, ಬಣ್ಣಾರಿ ಅಮ್ಮನಿಗೆ ಕೈಮುಗಿದು, ಸತ್ಯಮಂಗಲ, ಈರೋಡು ದಾಟಿದರೆ ಕಾವೇರಿಯ ಆಚೆ ಬರುವ ಸೀಮೆಯದು. ಜಾತಿಯೂ ಬೇರೆ, ಭಾಷೆಯೂ ಬೇರೆ. ಜಾತಿ ಬೇಡವೆಂದು ಪರರಿಗೆ ಹೇಳಿ ಸ್ವಂತ ಮಗಳ ಮದುವೆಯಲ್ಲಿ ಜಾತಿ ಹುಡುಕುವವರ ಸಾಲಿನಲ್ಲಿ ರಂಗರಾಯರು ಸೇರಲಿಲ್ಲ.

ಸುಬ್ಬರಾಯನ್ 1926ರಿಂದ 1930ರವರೆಗೆ ಮದರಾಸು ಪ್ರಾಂತದ ಮುಖ್ಯಮಂತ್ರಿಯಾಗಿದ್ದರು. ರಾಧಾಬಾಯಿಯವರು 1930ರಲ್ಲಿ ಲಂಡನ್ನಿನ ದುಂಡು ಮೇಜಿನ ಪರಿಷತ್ತಿಗೆ ಹೋದರು. 1938ರಲ್ಲಿ ದೆಹಲಿಯ ಕೌನ್ಸಿಲ್ ಆಫ್ ಸ್ಟೇಟ್ ಸಭೆಗೆ ಸದಸ್ಯರಾದ ಮೊದಲ ಮಹಿಳೆಯೆನಿಸಿದರು. ರಂಗರಾಯರ ಮೊಮ್ಮಕ್ಕಳಲ್ಲಿ ಜನರಲ್ ಕುಮಾರಮಂಗಲಂ ಭೂಸೇನೆಯ ಮುಖ್ಯಸ್ಥರಾದರು, ಮೋಹನ್ ಕುಮಾರಮಂಗಲಂ ಕೇಂದ್ರ ಮಂತ್ರಿಯಾದರು. ಮೊಮ್ಮಗಳು ಪಾರ್ವತಿ ಕೃಷ್ಣನ್ ಕೊಯಮತ್ತೂರಿನಿಂದ ಲೋಕಸಭೆಗೆ ಆಯ್ಕೆಯಾದರು. ಈರೋಡು ಜಿಲ್ಲೆ ಬೇರೆಯಾದದ್ದು 1979ರಲ್ಲಿ. ಅಲ್ಲಿಯವರೆಗೆ ನಮಗೂ ಕೊಯಮತ್ತೂರೇ ಜಿಲ್ಲಾ ಕೇಂದ್ರವಾಗಿತ್ತು. ಆ ಹೆಸರು ನಮ್ಮ ಹಿರಿಯರಿಗೆ ಅಪರಿಚಿತವಲ್ಲ, ಆಕೆ ಕನ್ನಡದ ವಕೀಲರೊಬ್ಬರ ಮೊಮ್ಮಗಳೆಂಬುದು ಎಷ್ಟು ಮಂದಿಗೆ ಗೊತ್ತಿತ್ತೋ!

ಕೊನೆಗಾಲದಲ್ಲಿ ರಂಗರಾಯರು ಸನ್ಯಾಸ ಸ್ವೀಕರಿಸಿ ಸ್ವಾಮಿ ಈಶ್ವರಾನಂದರಾದರು. 1928ರ ಜನವರಿ 30ರಂದು ದೈವಾಧೀನರಾದರು. ಅಂದು ಅವರ ಅಳಿಯ ಇಡೀ ಪ್ರಾಂತದ ಮುಖ್ಯಮಂತ್ರಿ. ದೊಡ್ಡ ದೊಡ್ಡ ಅಧಿಕಾರಿಗಳೇ ಬಂದು ಹೆಗಲು ಕೊಡುವಂತಿತ್ತು. ರಂಗರಾಯರ ಇಚ್ಛೆ ಬೇರೆಯಿತ್ತು. ತಮ್ಮ ಅಂತ್ಯಕ್ರಿಯೆಯನ್ನು ತೋಟಿ ಜನರೇ ನಡೆಸಬೇಕೆಂದು ಮೊದಲೇ ತಿಳಿಸಿದ್ದರು, ಹಾಗೆಯೇ ನಡೆಯಿತು. ಹಿಂದೆ ಜಾತಿಯವರು ಬೆದರಿಕೆಯೊಡ್ಡಿದ್ದು ಹೆಗಲು ಕೊಡುವುದಿಲ್ಲವೆಂದಲ್ಲವೇ? ಆ ಬೆದರಿಕೆಗೆ ಅವರು ಕೊಟ್ಟ ಉತ್ತರ ಇದೆಂದು ನಾನು ತಿಳಿದಿದ್ದೇನೆ.

ಆರು ವರ್ಷಗಳ ತರುವಾಯ, 1934ರ ಫೆಬ್ರವರಿಯಲ್ಲಿ, ಅಸ್ಪೃಶ್ಯತಾ ನಿವಾರಣೆಯ ಪ್ರವಾಸದಲ್ಲಿದ್ದ ಗಾಂಧೀಜಿ ಮಂಗಳೂರಿಗೆ ಬಂದರು. ಅಷ್ಟರಲ್ಲಿ ಮಿಷನ್ನಿನ ಮೊದಲ ಶಾಲೆಗೆ ನಾಲ್ವತ್ತು ವರ್ಷ ಕಳೆದಿತ್ತು.

ಧರ್ಮಸ್ಥಳ, ಸುಬ್ರಹ್ಮಣ್ಯ, ಕಟೀಲು ಯಾತ್ರೆ ಹೊರಡುವ ನಮ್ಮ ಭಕ್ತರು ಮಂಗಳೂರಿಗೂ ಹೋಗಿ ಬರುವುದುಂಟು. ಅಲ್ಲಿಯ ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. ಅಲ್ಲಿಂದ ಹೆಚ್ಚು ದೂರವಿಲ್ಲದ ನಂದಿಗುಡ್ಡದಲ್ಲಿ, ಬ್ರಾಹ್ಮ ಸಮಾಜದ ರುದ್ರಭೂಮಿಯಲ್ಲಿ ಅವರ ಸಮಾಧಿಯಿದೆ. ತಾವು ಓದಿಸಿದ ಕೇರಿಯ ಮಕ್ಕಳು ದೊಡ್ಡ ಉದ್ಯೋಗ ಹಿಡಿದು ಈ ದಾರಿಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಚಕ್ರದ ಧೂಳು ತಮ್ಮ ತಲೆಯ ಮೇಲೆ ಬೀಳಬೇಕು, ಆಗ ತಮ್ಮ ಜನ್ಮ ಸಾರ್ಥಕವೆಂಬ ಅವರ ಆಸೆಯನ್ನು ಆ ಸಮಾಧಿಯ ಮೇಲೆ ಬರೆಸಿದ್ದಾರೆ. ರಸ್ತೆಗೆ ಈಗ ಡಾಂಬರು ಬಿದ್ದಿದೆ, ವಾಹನಗಳ ಓಡಾಟ ಬಹಳ. ಹೋದವರು ಐದು ನಿಮಿಷ ನಿಂತು ಕೈಮುಗಿದು ಬರಬಹುದು.