ತನ್ನ ಹೃದಯಕ್ಕೇ ನಳಿಕೆ ತೂರಿಸಿಕೊಂಡ ವೈದ್ಯ: ವರ್ನರ್ ಫೋರ್ಸ್‌ಮನ್ ಕತೆಯಲ್ಲಿ ನಿಜ ಎಷ್ಟು?

ಎದೆ ಸೀಳದೆ, ತೊಡೆಸಂದಿನ ರಕ್ತನಾಳದ ಮೂಲಕ ಹೃದಯಕ್ಕೆ ಹೊಸ ಕವಾಟ ಕೂರಿಸುವ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ಈ ಚಿಕಿತ್ಸೆಯ ಮೂಲ ಹುಡುಕುತ್ತಾ ಹೋದರೆ ಒಂದು ಕತೆ ಸಿಗುತ್ತದೆ. ಜರ್ಮನಿಯ ಯುವ ವೈದ್ಯನೊಬ್ಬ ನರ್ಸನ್ನು ಮೇಜಿಗೆ ಕಟ್ಟಿಹಾಕಿ, ತನ್ನದೇ ಹೃದಯಕ್ಕೆ ನಳಿಕೆ ತೂರಿಸಿಕೊಂಡ, ಅದಕ್ಕೆ ಕೆಲಸ ಕಳೆದುಕೊಂಡ, ಕೊನೆಗೆ ನೊಬೆಲ್ ಗೆದ್ದ ಎಂಬ ಕತೆ. ಇದು ಬಹುಪಾಲು ನಿಜ. ಆದರೆ ಇಷ್ಟೇ ಹೇಳಿದರೆ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ.

ಯಾರು ಈ ಫೋರ್ಸ್‌ಮನ್?

ವರ್ನರ್ ಫೋರ್ಸ್‌ಮನ್ ಹುಟ್ಟಿದ್ದು 1904ರಲ್ಲಿ, ಬರ್ಲಿನ್‌ನಲ್ಲಿ. ವೈದ್ಯಕೀಯ ಓದು ಮುಗಿಸಿ ಸಮೀಪದ ಎಬರ್ಸ್‌ವಾಲ್ಡೆ ಎಂಬ ಊರಿನ ಆಸ್ಪತ್ರೆ ಸೇರಿದರು. ಮಿಡಿಯುವ ಹೃದಯದೊಳಗೆ ಏನಾದರೂ ತಾಗಿದರೆ ಬಡಿತ ತಪ್ಪಿ ಮನುಷ್ಯ ಸಾಯುತ್ತಾನೆ ಎಂಬ ಭಯ ಆಗ ವೈದ್ಯರಲ್ಲೇ ಇತ್ತು. ತುರ್ತು ಸಮಯದಲ್ಲಿ ಹೃದಯಕ್ಕೆ ಔಷಧ ಕೊಡಬೇಕೆಂದರೆ ಎದೆಯ ಮೂಲಕ ನೇರವಾಗಿ ಸೂಜಿ ಚುಚ್ಚುತ್ತಿದ್ದರು. ಅದೂ ಅಪಾಯವೇ.

19ನೇ ಶತಮಾನದಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಕುದುರೆಯ ಕುತ್ತಿಗೆಯ ರಕ್ತನಾಳದಿಂದ ಹೃದಯದವರೆಗೆ ನಳಿಕೆ ಇಳಿಸಿದ್ದರು. ಕುದುರೆ ಸತ್ತಿರಲಿಲ್ಲ. ಮನುಷ್ಯನಲ್ಲೂ ತೋಳಿನ ರಕ್ತನಾಳದಿಂದ ಹಾಗೆ ಹೋಗಬಹುದಲ್ಲ ಎಂಬುದು ಫೋರ್ಸ್‌ಮನ್ ಯೋಚನೆ. ಮೊದಲು ಶವದ ಮೇಲೆ ಮಾಡಿ ನೋಡಿದರು.

1929ರಲ್ಲಿ ನಡೆದದ್ದೇನು?

ಆಸ್ಪತ್ರೆಯ ಮುಖ್ಯಸ್ಥರು ಇದಕ್ಕೆ ಒಪ್ಪಿಗೆ ಕೊಡಲಿಲ್ಲ. ಅವರ ಪ್ರಬಂಧದ ಪ್ರಕಾರ, ಮೊದಲ ಸಲ ಸಹೋದ್ಯೋಗಿಯೊಬ್ಬರ ನೆರವಿನಿಂದ ಶುರು ಮಾಡಿದರು. ನಳಿಕೆ 35 ಸೆಂಟಿಮೀಟರ್ ಹೋಗುವಷ್ಟರಲ್ಲಿ ಸಹೋದ್ಯೋಗಿ ಹೆದರಿ ನಿಲ್ಲಿಸಿದರು. ಒಂದು ವಾರದ ನಂತರ ಫೋರ್ಸ್‌ಮನ್ ತಾವೇ ಮಾಡಿಕೊಂಡರು. ಎಡ ತೋಳಿಗೆ ಮರಗಟ್ಟುವ ಮದ್ದು ಹಾಕಿ, ರಕ್ತನಾಳ ತೆರೆದು, ಮೂತ್ರನಾಳಕ್ಕೆ ಬಳಸುವ ತೆಳುವಾದ ನಳಿಕೆಯನ್ನು 65 ಸೆಂಟಿಮೀಟರ್ ಒಳಗೆ ತೂರಿಸಿದರು. ಅದೇ ಸ್ಥಿತಿಯಲ್ಲಿ ಎಕ್ಸ್‌ರೇ ಕೋಣೆಗೆ ನಡೆದು ಹೋದರು. ನಳಿಕೆಯ ತುದಿ ಹೃದಯದ ಬಲ ಮೇಲ್ಭಾಗದ ಕೋಣೆಯಲ್ಲಿರುವುದು ಚಿತ್ರದಲ್ಲಿ ಕಂಡಿತು. ಆಗ ಅವರಿಗೆ 25ರ ಆಸುಪಾಸಿನ ವಯಸ್ಸು.

ನರ್ಸನ್ನು ಕಟ್ಟಿಹಾಕಿದ ಭಾಗ ಬಂದಿರುವುದು ದಶಕಗಳ ನಂತರ ಅವರೇ ಬರೆದ ಆತ್ಮಕಥೆಯಿಂದ. ಉಪಕರಣಗಳ ಬೀಗದ ಕೈ ಗೆರ್ಡಾ ಡಿಟ್ಸೆನ್ ಎಂಬ ನರ್ಸ್ ಬಳಿ ಇತ್ತು. ಪ್ರಯೋಗ ತನ್ನ ಮೇಲೇ ಆಗಲಿ ಎಂದು ಆಕೆ ಒಪ್ಪಿದ್ದರು. ಆಕೆಯನ್ನು ಮೇಜಿಗೆ ಕಟ್ಟಿ, ಆಕೆಗೇ ಮಾಡುತ್ತಿರುವಂತೆ ನಟಿಸಿ, ಫೋರ್ಸ್‌ಮನ್ ತಮ್ಮ ತೋಳಿಗೆ ನಳಿಕೆ ಹಾಕಿಕೊಂಡರು. ಇದನ್ನು ಧೈರ್ಯದ ಕತೆಯಾಗಿ ಓದುತ್ತೇವೆ. ಆದರೆ ಮೋಸ ಹೋದವರು ಆಕೆ ಎಂಬುದನ್ನೂ ಮರೆಯಬಾರದು. ಇವತ್ತು ಇಂಥ ಪ್ರಯೋಗಕ್ಕೆ ಯಾವ ನೈತಿಕ ಸಮಿತಿಯೂ ಅನುಮತಿ ಕೊಡುವುದಿಲ್ಲ.

ಕೆಲಸದಿಂದ ತೆಗೆದರೇ?

ಅರ್ಧ ನಿಜ. ಎಕ್ಸ್‌ರೇ ನೋಡಿದ ಮೇಲೆ ಎಬರ್ಸ್‌ವಾಲ್ಡೆಯ ಮುಖ್ಯಸ್ಥರು ಸಾಧನೆಯನ್ನು ಒಪ್ಪಿಕೊಂಡರು. ತೊಂದರೆಯಾದದ್ದು ಆಮೇಲೆ, ಬರ್ಲಿನ್‌ನ ಹೆಸರಾಂತ ಶರಿಟೆ ಆಸ್ಪತ್ರೆಯಲ್ಲಿ. 1929ರ ನವೆಂಬರಿನಲ್ಲಿ ಪ್ರಬಂಧ ಪ್ರಕಟವಾಗಿ ಪತ್ರಿಕೆಗಳಲ್ಲಿ ಗದ್ದಲವಾಯಿತು. ಅಲ್ಲಿನ ದೊಡ್ಡ ಶಸ್ತ್ರಚಿಕಿತ್ಸಕ ಸೌವರ್‌ಬ್ರುಖ್ ಅವರನ್ನು ಹೊರಗೆ ಕಳಿಸಿದರು. ಮುಂದೆ ಫೋರ್ಸ್‌ಮನ್ ಹೃದಯದ ಕೆಲಸ ಬಿಟ್ಟು ಮೂತ್ರರೋಗ ತಜ್ಞರಾದರು.

ಕತೆಯಲ್ಲಿ ಬಿಟ್ಟುಹೋಗುವ ಅಧ್ಯಾಯ

1932ರಲ್ಲಿ ಫೋರ್ಸ್‌ಮನ್ ನಾಜಿ ಪಕ್ಷ ಸೇರಿದರು. ಎರಡನೇ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿದ್ದು, ಅಮೆರಿಕದ ಸೆರೆಯಾಳಾದರು. ಯುದ್ಧದ ನಂತರ ಕೆಲಕಾಲ ವೈದ್ಯವೃತ್ತಿ ಮಾಡದಂತೆ ನಿರ್ಬಂಧವಿತ್ತು. ಮರ ಕಡಿಯುವ ಕೆಲಸವನ್ನೂ ಮಾಡಿದರು. 1950ರಲ್ಲಿ ಬಾಡ್ ಕ್ರಾಯ್ಟ್ಸ್‌ನಾಖ್ ಊರಿನಲ್ಲಿ ಮೂತ್ರರೋಗ ತಜ್ಞರಾಗಿ ನೆಲೆಯಾದರು. ಅವರ ಪ್ರಯೋಗ ದೊಡ್ಡದು, ಅವರ ರಾಜಕೀಯ ಕೆಟ್ಟದ್ದು. ಎರಡೂ ಒಬ್ಬನೇ ಮನುಷ್ಯನ ಬದುಕು.

ಅಷ್ಟರಲ್ಲಿ ನ್ಯೂಯಾರ್ಕಿನಲ್ಲಿ ಆಂದ್ರೆ ಕೂರ್ನಾನ್ ಮತ್ತು ಡಿಕಿನ್ಸನ್ ರಿಚರ್ಡ್ಸ್ ಅವರ ವಿಧಾನವನ್ನು ಕೈಗೆತ್ತಿಕೊಂಡು, ವರ್ಷಗಟ್ಟಲೆ ರೋಗಿಗಳಲ್ಲಿ ಹೃದಯದ ಒತ್ತಡ, ರಕ್ತದ ಹರಿವು ಅಳೆದು ನಂಬಿಕೆಗೆ ಅರ್ಹವಾದ ಪರೀಕ್ಷೆಯನ್ನಾಗಿ ಮಾಡಿದ್ದರು. 1956ರ ನೊಬೆಲ್ ಮೂವರಿಗೂ ಸೇರಿ ಬಂತು. ಒಬ್ಬ ಬದುಕುಳಿದರೆ ವಿಧಾನ ಸುರಕ್ಷಿತ ಎಂದು ಸಾಬೀತಾಗುವುದಿಲ್ಲ. ಸಾಬೀತು ಮಾಡಿದ್ದು ಈ ನಿಧಾನದ ಕೆಲಸ. ಫೋರ್ಸ್‌ಮನ್ 1979ರಲ್ಲಿ ತೀರಿಕೊಂಡರು.

ನಳಿಕೆಯಿಂದ ಕವಾಟದವರೆಗೆ

1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಯೆಂಟ್‌ಸಿಗ್ ನಳಿಕೆಯ ತುದಿಗೆ ಬಲೂನು ಕಟ್ಟಿ ಹೃದಯದ ಕಿರಿದಾದ ರಕ್ತನಾಳ ಅಗಲಿಸಿದರು. 1989ರಲ್ಲಿ ಡೆನ್ಮಾರ್ಕಿನ ಹೆನ್ನಿಂಗ್ ಆಂಡರ್ಸನ್ ಹಂದಿಗೆ ನಳಿಕೆಯ ಮೂಲಕವೇ ಕವಾಟ ಹಾಕಿದರು. 2002ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ರೂಆನ್ ನಗರದಲ್ಲಿ ಅಲೆನ್ ಕ್ರಿಬಿಯೆ, ಶಸ್ತ್ರಚಿಕಿತ್ಸೆ ತಡೆಯಲಾರದ 57 ವರ್ಷದ ರೋಗಿಗೆ ಮಹಾಪಧಮನಿಯ ಕವಾಟ ಕೂರಿಸಿದರು. ಮನುಷ್ಯನಲ್ಲಿ ಆ ಕವಾಟಕ್ಕೆ ಅದೇ ಮೊದಲು. ಇದನ್ನು ಟಾವಿ ಎನ್ನುತ್ತಾರೆ.

ಹಸು ಅಥವಾ ಹಂದಿಯ ಅಂಗಾಂಶದಿಂದ ಮಾಡಿದ ಕವಾಟವನ್ನು ಲೋಹದ ಬಲೆಗೆ ಹೊಲಿದು, ಮಡಚಿ, ಸಾಮಾನ್ಯವಾಗಿ ತೊಡೆಸಂದಿನ ಅಪಧಮನಿಯಿಂದ ಒಯ್ಯುತ್ತಾರೆ. ಹೃದಯದಲ್ಲಿ ಅದು ಬಿಚ್ಚಿಕೊಂಡು ಹಳೆಯ ಕವಾಟವನ್ನು ಬದಿಗೆ ಒತ್ತಿ ಕೂರುತ್ತದೆ. ಹಳೆಯದನ್ನು ಕಿತ್ತು ತೆಗೆಯುವುದಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

• ಟಾವಿ ಬ್ಲಾಕೇಜ್‌ಗೆ ಮದ್ದಲ್ಲ. ಬ್ಲಾಕೇಜ್‌ಗೆ ಸ್ಟೆಂಟ್, ಗಟ್ಟಿಯಾಗಿ ಕಿರಿದಾದ ಕವಾಟಕ್ಕೆ ಟಾವಿ.

• ಎದೆ ಸೀಳುವುದಿಲ್ಲ ಎಂದರೆ ಅಪಾಯವೇ ಇಲ್ಲ ಎಂದಲ್ಲ. ರಕ್ತಸ್ರಾವ, ಪಾರ್ಶ್ವವಾಯು ಆಗಬಹುದು. ಕೆಲವರಿಗೆ ಪೇಸ್‌ಮೇಕರ್ ಬೇಕಾಗುತ್ತದೆ.

• ಎಲ್ಲರಿಗೂ ಹೊಂದುವುದಿಲ್ಲ. ವಯಸ್ಸು, ಕವಾಟದ ರಚನೆ, ರಕ್ತನಾಳದ ಅಗಲ ನೋಡಿ ಹೃದ್ರೋಗ ತಜ್ಞರೂ ಶಸ್ತ್ರಚಿಕಿತ್ಸಕರೂ ಕೂತು ತೀರ್ಮಾನಿಸಬೇಕು.

ಮನೆಯ ಹಿರಿಯರಿಗೆ ಮೆಟ್ಟಿಲು ಹತ್ತುವಾಗ ಏದುಸಿರು, ಎದೆನೋವು, ತಲೆಸುತ್ತಿ ಬೀಳುವುದು ಕಂಡರೆ ವಯಸ್ಸಾಯಿತು ಎಂದು ಸುಮ್ಮನಿರಬೇಡಿ. ವೈದ್ಯರ ಬಳಿ ಕರೆದೊಯ್ದು, ಅವರು ಹೇಳಿದರೆ ಎಕೋ ಪರೀಕ್ಷೆ ಮಾಡಿಸಿ. ನಳಿಕೆಯ ಹೆಸರು ಕೇಳಿಯೇ ಅವರು ಹೆದರಿದರೆ ಫೋರ್ಸ್‌ಮನ್ ಕತೆ ಹೇಳಿ. ಆದರೆ ಪೂರ್ತಿ ಹೇಳಿ.