ಶ್ರೀಮತಿ ಸ್ನೇಹಲತಾ ರೆಡ್ಡಿ (1932–1977)

ರಂಗಭೂಮಿ ಹಾಗೂ ಕನ್ನಡ ಚಲನಚಿತ್ರದ ಹೆಸರಾಂತ ಕಲಾವಿದೆ ಶ್ರೀಮತಿ ಸ್ನೇಹಲತಾ ರೆಡ್ಡಿಯವರು ಆಂತರಿಕ ತುರ್ತು ಪರಿಸ್ಥಿತಿಯ ಕಾಲದಲ್ಲಿ ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ ವಿಚಾರಣೆಯಿಲ್ಲದೆ ಬಂಧನದಲ್ಲಿದ್ದು, ಬಿಡುಗಡೆಯಾದ ಐದೇ ದಿನಗಳಲ್ಲಿ ನಿಧನ ಹೊಂದಿದರು.

ಕಲಾಜೀವನ

ಸ್ನೇಹಲತಾ ಅವರು 1932ರಲ್ಲಿ ಜನಿಸಿದರು. ಮದ್ರಾಸಿನ ಪ್ರಸಿದ್ಧ ನಾಟಕ ತಂಡವಾದ ಮದ್ರಾಸ್ ಪ್ಲೇಯರ್ಸ್ ಸ್ಥಾಪಕರಲ್ಲಿ ಅವರೂ ಒಬ್ಬರು. ಪತಿ ಶ್ರೀ ಪಟ್ಟಾಭಿರಾಮ ರೆಡ್ಡಿಯವರು ತೆಲುಗು ಕವಿ ಹಾಗೂ ಚಲನಚಿತ್ರ ನಿರ್ದೇಶಕರು. ದಂಪತಿಗಳಿಬ್ಬರೂ ಡಾ. ರಾಮಮನೋಹರ ಲೋಹಿಯಾ ಅವರ ಸಮಾಜವಾದಿ ವಿಚಾರಧಾರೆಯಿಂದ ಪ್ರಭಾವಿತರಾಗಿದ್ದರು.

ಡಾ. ಯು.ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ 'ಸಂಸ್ಕಾರ' ಚಿತ್ರದಲ್ಲಿ ಸ್ನೇಹಲತಾ ಅವರು ಚಂದ್ರಿಯ ಪಾತ್ರವನ್ನು ನಿರ್ವಹಿಸಿದರು. ಸೆನ್ಸಾರ್ ಮಂಡಳಿಯು ಮೊದಲು ಈ ಚಿತ್ರದ ಪ್ರದರ್ಶನಕ್ಕೆ ಅನುಮತಿ ನೀಡಲಿಲ್ಲ. ನಿಷೇಧ ತೆರವಾದ ನಂತರ ಬಿಡುಗಡೆಗೊಂಡ ಇದೇ ಚಿತ್ರವು 1970ನೇ ಸಾಲಿನ ಅತ್ಯುತ್ತಮ ಚಲನಚಿತ್ರವೆಂಬ ರಾಷ್ಟ್ರಪ್ರಶಸ್ತಿಗೆ ಪಾತ್ರವಾಯಿತು.

ಬಂಧನ

1975ರ ಜೂನ್ 25ರಂದು ತುರ್ತು ಪರಿಸ್ಥಿತಿಯನ್ನು ಘೋಷಿಸಲಾಯಿತು. ಪತ್ರಿಕೆಗಳ ಮೇಲೆ ಪೂರ್ವಪರಿಶೀಲನೆಯನ್ನು ವಿಧಿಸಿ, ವಿರೋಧ ಪಕ್ಷಗಳ ಸಾವಿರಾರು ಮುಖಂಡರು ಹಾಗೂ ಕಾರ್ಯಕರ್ತರನ್ನು ಬಂಧಿಸಲಾಯಿತು. ಬಂಧನದ ಕಾನೂನುಬದ್ಧತೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವ ಹಕ್ಕು ಆ ಅವಧಿಯಲ್ಲಿ ಬಂಧಿತರಿಗೆ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1976ರ ಏಪ್ರಿಲ್ 28ರಂದು ತೀರ್ಪಿತ್ತಿತು. ಇದಾದ ನಾಲ್ಕು ದಿನಗಳಲ್ಲಿ, ಅಂದರೆ ಮೇ 2ರಂದು, ಸ್ನೇಹಲತಾ ಅವರನ್ನು ಬಂಧಿಸಲಾಯಿತು.

ಸಮಾಜವಾದಿ ನಾಯಕ ಶ್ರೀ ಜಾರ್ಜ್ ಫರ್ನಾಂಡಿಸ್ ಅವರೊಂದಿಗಿದ್ದ ಸ್ನೇಹದ ಕಾರಣ ಬರೋಡಾ ಡೈನಮೈಟ್ ಪ್ರಕರಣದಲ್ಲಿ ಅವರ ಮೇಲೆ ಸಂಶಯ ಉಂಟಾಗಿತ್ತು. ಆದರೆ ಪ್ರಕರಣದ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ. ಹೀಗಿದ್ದರೂ ಆಂತರಿಕ ಭದ್ರತಾ ನಿರ್ವಹಣಾ ಕಾಯ್ದೆ (ಮೀಸಾ) ಅನ್ವಯ ಅವರ ಬಂಧನವು ಮುಂದುವರಿಯಿತು. ಆರೋಪವೇ ಇಲ್ಲದ ಕಾರಣ, ಅದಕ್ಕೆ ಉತ್ತರಿಸುವ ಅವಕಾಶವೂ ಅವರಿಗೆ ದೊರೆಯಲಿಲ್ಲ.

ತೀವ್ರ ಅಸ್ತಮಾ ರೋಗಿಯಾಗಿದ್ದ ಅವರ ಆರೋಗ್ಯವು ಸೂಕ್ತ ಚಿಕಿತ್ಸೆಯಿಲ್ಲದೆ ಹದಗೆಟ್ಟಿತು. ಆದಾಗ್ಯೂ ಅವರು ಸಹ ಮಹಿಳಾ ಬಂದಿಗಳ ಸ್ಥಿತಿಗತಿಗಳ ಸುಧಾರಣೆಗಾಗಿ ದನಿ ಎತ್ತಿದರು ಹಾಗೂ ಸೆರೆಮನೆಯಲ್ಲಿ ದಿನಚರಿಯನ್ನು ಬರೆದರು. ಈ ದಿನಚರಿಯು ಅವರ ನಿಧನಾನಂತರ 1977ರಲ್ಲಿ ಪ್ರಕಟವಾಯಿತು.

ಬಿಡುಗಡೆ ಮತ್ತು ನಿಧನ

1977ರ ಜನವರಿ 15ರಂದು ಅವರನ್ನು ಪೆರೋಲ್ ಮೇಲೆ ಬಿಡುಗಡೆ ಮಾಡಲಾಯಿತು. ಜನವರಿ 18ರಂದು ಲೋಕಸಭಾ ಚುನಾವಣೆಯ ಘೋಷಣೆಯಾಯಿತು. ಜನವರಿ 20ರಂದು ಸ್ನೇಹಲತಾ ಅವರು ಕೊನೆಯುಸಿರೆಳೆದರು. ತುರ್ತು ಪರಿಸ್ಥಿತಿಯನ್ನು ಹಿಂತೆಗೆದುಕೊಂಡದ್ದು ಅದೇ ವರ್ಷದ ಮಾರ್ಚ್ 21ರಂದು.

ನಂತರದ ಬೆಳವಣಿಗೆಗಳು

1978ರ ಸಂವಿಧಾನದ 44ನೇ ತಿದ್ದುಪಡಿಯ ಮೂಲಕ, ತುರ್ತು ಪರಿಸ್ಥಿತಿಯಲ್ಲಿಯೂ ಜೀವ ಹಾಗೂ ವೈಯಕ್ತಿಕ ಸ್ವಾತಂತ್ರ್ಯದ ಹಕ್ಕಿನ ಜಾರಿಯನ್ನು ಅಮಾನತಿನಲ್ಲಿಡಲು ಬಾರದಂತೆ ಮಾಡಲಾಯಿತು. 1976ರ ಮೇಲ್ಕಂಡ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ತಳ್ಳಿಹಾಕಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಶ್ರೀ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ಗಮನಾರ್ಹ.

ಸ್ನೇಹಲತಾ ಅವರನ್ನು ಇರಿಸಲಾಗಿದ್ದ ಹಳೆಯ ಕೇಂದ್ರ ಕಾರಾಗೃಹದ ಆವರಣವು 2008ರಿಂದ ಸ್ವಾತಂತ್ರ್ಯ ಉದ್ಯಾನವಾಗಿ ಸಾರ್ವಜನಿಕರಿಗೆ ತೆರೆದಿದೆ. ಶಾಂತಿಯುತ ಧರಣಿ ಹಾಗೂ ಸಭೆಗಳು ನಡೆಯುವ ಸ್ಥಳವೂ ಇದೇ ಆಗಿದೆ.